ಕಾಂತಧ್ರುವ ಸರಿದರೆ ತೋಟದ ಗಡಿಯೂ ಸರಿಯುತ್ತದೆಯೇ?

ಪ್ರಶ್ನೆ: ನಮ್ಮದು ಚಿಕ್ಕಮಗಳೂರು ಕಡೆ, ಬಾಬಾಬುಡನ್ ಗಿರಿಯ ತಪ್ಪಲಲ್ಲಿ ಕಾಫಿ ತೋಟ. 1936ರಲ್ಲಿ ನಮ್ಮ ತಾತ ಒಬ್ಬ ಖಾಸಗಿ ಸರ್ವೆಯರನ್ನು ಕರೆಸಿ, ದಿಕ್ಸೂಚಿ ಇಟ್ಟು ತೋಟ ಅಳೆಸಿದ್ದರು. ನಕ್ಷೆ ಗೆದ್ದಲಿಗೆ ಹೋಯಿತು, ಫೀಲ್ಡ್ ಬುಕ್ ಉಳಿದಿದೆ. ಈ ವರ್ಷ ಪಾಲಿಗಾಗಿ ಜಿಪಿಎಸ್ ರೋವರ್ (ಉಪಗ್ರಹಗಳ ನೆರವಿನಿಂದ ಜಾಗ ಗುರುತಿಸುವ ಸರ್ವೆ ಉಪಕರಣ) ತರಿಸಿ ಅಳೆಸಿದೆವು. ನಾಲ್ಕೂ ಗೆರೆಗಳ ಉದ್ದ ಹೆಚ್ಚುಕಡಿಮೆ ತಾಳೆಯಾಗುತ್ತದೆ, ದಿಕ್ಕು ಮಾತ್ರ ಆಗುವುದಿಲ್ಲ. ಹಳೆಯ ಬೇರಿಂಗುಗಳು (ಉತ್ತರದಿಂದ ಬಲಕ್ಕೆ ಎಣಿಸಿದ ಕೋನಗಳು) ಕ್ರಮವಾಗಿ 42° 30′, 131° 00′, 224° 30′, 309° 00′. ಹೊಸವು 41° 05′, 129° 20′, 222° 50′, 314° 30′. ನನ್ನ ತಮ್ಮ ಹಳೆಯ ಲೆಕ್ಕವನ್ನೇ ಕಾಗದದ ಮೇಲೆ ಬರೆದು ನೋಡಿದ. ಗುಡ್ಡದ ನೆತ್ತಿಯ ಬಂಡೆಯಿಂದ ಹೊರಡುವ ನಾಲ್ಕನೇ ಗೆರೆ (180 ಮೀಟರ್) ಮೊದಲ ಮೂಲೆಗೆ ಬಂದು ಸೇರದೆ ಇಪ್ಪತ್ತೆರಡು ಮೀಟರ್ ಆಚೆ, ಪಕ್ಕದವರ ತೋಟದೊಳಗೆ ನಿಲ್ಲುತ್ತದೆ. ಅಷ್ಟು ಜಾಗ, ಸುಮಾರು ಇಪ್ಪತ್ತು ಗುಂಟೆ, ಒತ್ತುವರಿಯಾಗಿದೆ, ಕೋರ್ಟಿಗೆ ಹೋಗೋಣ ಎನ್ನುತ್ತಾನೆ. ಪಕ್ಕದವರು, ‘ಭೂಮಿಯ ಕಾಂತಧ್ರುವವೇ ಕೆನಡಾ ಬಿಟ್ಟು ಸೈಬೀರಿಯಾ ಕಡೆ ಓಡುತ್ತಿದೆ, ನಿಮ್ಮ ತಾತನ ಪುಸ್ತಕ ಒಲೆಗೆ ಹಾಕಿ’ ಅನ್ನುತ್ತಾರೆ. ಪುಸ್ತಕದಲ್ಲಿ ನಾಲ್ಕನೇ ಮೂಲೆಯ ಪಕ್ಕ ಪೆನ್ಸಿಲಿನಲ್ಲಿ ‘37° 30′’ ಎಂದು ಬರೆದು ಅಡಿಗೆರೆ ಎಳೆದಿದೆ, ಅದೇನೆಂದು ನಮಗೆ ತಿಳಿಯಲಿಲ್ಲ. ಇನ್ನೊಂದು: ಹೊಸ ಮನೆಯ ಬಾಗಿಲು ಪೂರ್ವಕ್ಕಿದೆ ಎಂದುಕೊಂಡಿದ್ದೆವು. ಈಗ ವಾಸ್ತು ನೋಡುವವರು ಮೊಬೈಲ್ ಹಿಡಿದು ಎಂಟು ಡಿಗ್ರಿ ತಪ್ಪಿದೆ, ಧ್ರುವಗಳು ತಲೆಕೆಳಗಾಗುವ ಕಾಲ ಬಂದಿದೆ ಎನ್ನುತ್ತಿದ್ದಾರೆ. ಯಾವುದನ್ನು ನಂಬುವುದು?

ಉತ್ತರ: ಮೊದಲು ಕಹಿ ಮಾತು ಹೇಳಿಬಿಡುತ್ತೇನೆ. ನೀವು ಕಳಿಸಿದ ಅಂಕಿಗಳ ಪ್ರಕಾರ ನಿಮ್ಮ ಪಕ್ಕದವರು ಒತ್ತುವರಿ ಮಾಡಿಲ್ಲ. ಆದರೆ ಅವರು ಕೊಡುವ ಕಾರಣವೂ ತಪ್ಪು, ತಾತನ ಪುಸ್ತಕ ಒಲೆಗೆ ಹಾಕುವಂಥದ್ದೂ ಅಲ್ಲ. ನಾನು ಕೆಲಸದಲ್ಲಿದ್ದ ಕಾಲವೆಲ್ಲ ಊರೂರು ತಿರುಗಿ ಭೂಮಿಯ ಕಾಂತಕ್ಷೇತ್ರ ಅಳೆದವನು. ಇಷ್ಟು ಶಿಸ್ತಾಗಿ ಬರೆದ ಖಾಸಗಿ ಫೀಲ್ಡ್ ಬುಕ್ ಸಿಗುವುದು ಅಪರೂಪ. ನಿಮ್ಮ ಜಗಳದ ಉತ್ತರ ಆ ಪೆನ್ಸಿಲ್ ಬರಹದಲ್ಲೇ ಇದೆ. ಅಲ್ಲಿಗೆ ಹೋಗುವ ಮೊದಲು ಧ್ರುವದ ವಿಷಯ ಮುಗಿಸೋಣ.

ಉತ್ತರದ ಕಾಂತಧ್ರುವ ಸರಿಯುತ್ತಿದೆ ಎಂಬುದು ನಿಜ. 1831ರಲ್ಲಿ ಬ್ರಿಟಿಷ್ ನೌಕಾಧಿಕಾರಿ ಜೇಮ್ಸ್ ಕ್ಲಾರ್ಕ್ ರಾಸ್ ಅದನ್ನು ಕೆನಡಾದ ಬೂಥಿಯಾ ಪರ್ಯಾಯದ್ವೀಪದಲ್ಲಿ ಗುರುತಿಸಿದ. 1904ರ ಸುಮಾರಿಗೆ ನಾರ್ವೆಯ ಅನ್ವೇಷಕ ಅಮುಂಡ್ಸೆನ್ ಹೋಗಿ ನೋಡಿದಾಗ ಅದು ಅಲ್ಲಿರಲಿಲ್ಲ, ಸರಿದಿತ್ತು. 1990ರ ನಂತರ ವೇಗ ಹೆಚ್ಚಿ ವರ್ಷಕ್ಕೆ 50 ಕಿಲೋಮೀಟರ್ ದಾಟಿತು, ಈಗ 35ರ ಆಸುಪಾಸಿಗೆ ಇಳಿದಿದೆ. ಸೈಬೀರಿಯಾದ ದಿಕ್ಕಿಗೆ ಹೊರಟಿರುವುದೂ ಹೌದು. ಆ ಓಟದಿಂದಾಗಿಯೇ ಹಡಗು, ವಿಮಾನ, ಮೊಬೈಲ್‌ಗಳೆಲ್ಲ ಬಳಸುವ ವಿಶ್ವ ಕಾಂತ ಮಾದರಿಯನ್ನು (ಎಲ್ಲಿ ಮುಳ್ಳು ಎತ್ತ ತಿರುಗುತ್ತದೆ ಎಂದು ಹೇಳುವ, ಐದು ವರ್ಷಕ್ಕೊಮ್ಮೆ ಹೊಸದಾಗಿ ಬರುವ ಲೆಕ್ಕ) ಅದರ ಅವಧಿ ತುಂಬುವ ಮೊದಲೇ, 2019ರ ಫೆಬ್ರವರಿಯಲ್ಲಿ, ತಿದ್ದಿ ಹೊರಡಿಸಬೇಕಾಯಿತು. ಸುದ್ದಿ ಅಲ್ಲಿಂದ ವಾಟ್ಸಾಪಿಗೆ ಬಂತು, ವಾಟ್ಸಾಪಿನಿಂದ ನಿಮ್ಮ ಬೇಲಿಗೆ.

ಆದರೆ ದಿಕ್ಸೂಚಿಯ ಮುಳ್ಳು ಕಾಂತಧ್ರುವಕ್ಕೆ ಗುರಿ ಇಟ್ಟು ನಿಲ್ಲುತ್ತದೆ ಎಂಬುದೇ ಶಾಲೆಯಲ್ಲಿ ಅಂಟಿಕೊಂಡ ತಪ್ಪು ತಿಳಿವಳಿಕೆ. ಮುಳ್ಳಿಗೆ ಧ್ರುವದ ವಿಳಾಸ ಗೊತ್ತಿಲ್ಲ. ತಾನಿರುವ ಜಾಗದಲ್ಲಿ ಕಾಂತಕ್ಷೇತ್ರ ಯಾವ ಕಡೆ ಎಳೆಯುತ್ತದೋ ಆ ಕಡೆ ತಿರುಗುತ್ತದೆ, ಅಷ್ಟೆ. ಬಸ್ಸಿನ ನೂಕುನುಗ್ಗಲಲ್ಲಿ ನಿಂತವನು ಪಕ್ಕದವನ ನೂಕಿಗೆ ವಾಲುತ್ತಾನೆಯೇ ಹೊರತು ಡ್ರೈವರ್ ಎಲ್ಲಿ ಕೂತಿದ್ದಾನೆಂದು ನೋಡಿ ವಾಲುವುದಿಲ್ಲವಲ್ಲ, ಹಾಗೆ. ಆ ಸ್ಥಳೀಯ ಎಳೆತಕ್ಕೂ ನಿಜವಾದ ಭೌಗೋಳಿಕ ಉತ್ತರಕ್ಕೂ ಇರುವ ಕೋನವನ್ನು ಪಾಠಪುಸ್ತಕಗಳು ದಿಕ್ಪಾತ ಎನ್ನುತ್ತವೆ. ಫೀಲ್ಡಿನಲ್ಲಿ ನಾವೆಲ್ಲ ಡಿಕ್ಲಿನೇಷನ್ ಎಂದೇ ಹೇಳುವುದು.

ಧ್ರುವದ ಹತ್ತಿರ ಕ್ಷೇತ್ರ ಹೆಚ್ಚೂಕಡಿಮೆ ನೇರ ಕೆಳಕ್ಕೆ ಇಳಿಯುತ್ತದೆ. ಮುಳ್ಳನ್ನು ಅಡ್ಡಕ್ಕೆ ತಿರುಗಿಸುವ ಭಾಗ ಅಲ್ಲಿ ತೀರಾ ಬಡಕಲು, ಹಾಗಾಗಿ ಧ್ರುವ ಸ್ವಲ್ಪ ಸರಿದರೂ ಮುಳ್ಳು ಗಿರಗಿರ. ನಮ್ಮಲ್ಲಿ ಇದಕ್ಕೆ ಪೂರ್ತಿ ವಿರುದ್ಧ. ಕಾಂತೀಯ ಸಮಭಾಜಕ ಭಾರತದ ದಕ್ಷಿಣ ತುದಿಯ ಮೇಲೆಯೇ ಹಾದುಹೋಗುತ್ತದೆ. 1963ರಲ್ಲಿ ದೇಶದ ಮೊದಲ ರಾಕೆಟ್ ಹಾರಿಸಲು ಕೇರಳದ ‘ತುಂಬಾ’ ಎಂಬ ಊರನ್ನು ಆರಿಸಿದ್ದೂ ಅದಕ್ಕಾಗಿಯೇ. ಆ ಗೆರೆಯ ಹತ್ತಿರ ಕ್ಷೇತ್ರ ನೆಲಕ್ಕೆ ಬಹುತೇಕ ಸಮಾನಾಂತರವಾಗಿ ಮಲಗಿರುತ್ತದೆ. ನಿಮ್ಮ ಕಡೆ ಅಡ್ಡ ಎಳೆತ ಸುಮಾರು 40,000 ನ್ಯಾನೊಟೆಸ್ಲಾ (ಕಾಂತಕ್ಷೇತ್ರದ ಬಲ ಅಳೆಯುವ ಮಾನ), ಜಗತ್ತಿನಲ್ಲೇ ಜೋರಾದ ಜಾಗಗಳ ಸಾಲಿಗೆ ಬರುವಷ್ಟು. ದಿಕ್ಸೂಚಿಗೆ ಇದಕ್ಕಿಂತ ಒಳ್ಳೆಯ ನೆಲೆ ಕೇಳಬಾರದು.

ಹಾಗಂತ ನಮ್ಮಲ್ಲಿ ಡಿಕ್ಲಿನೇಷನ್ ಬದಲಾಗುವುದೇ ಇಲ್ಲ ಎಂದಲ್ಲ. ಲಂಡನ್ನಿನಲ್ಲಿ 1580ರಲ್ಲಿ ಮುಳ್ಳು ನಿಜ ಉತ್ತರದಿಂದ ಸುಮಾರು 11 ಡಿಗ್ರಿ ಪೂರ್ವಕ್ಕಿತ್ತು, 1800ರ ದಶಕದ ಆರಂಭದಲ್ಲಿ 24 ಡಿಗ್ರಿ ಪಶ್ಚಿಮಕ್ಕೆ ಹೋಗಿತ್ತು, 2019ರ ಹೊತ್ತಿಗೆ ಗ್ರೀನಿಚ್‌ನಲ್ಲಿ ಮತ್ತೆ ಸೊನ್ನೆಗೆ ಬಂತು. ಅಂಥ ಕಡೆ ನೂರು ವರ್ಷ ಹಳೆಯ ಬೇರಿಂಗನ್ನು ತಿದ್ದದೆ ಬಳಸಿದರೆ ಪಕ್ಕದ ಊರಿಗೇ ಹೋಗುತ್ತೀರಿ. ನಮ್ಮ ದಕ್ಷಿಣ ಭಾರತದಲ್ಲಿ ಆಟ ನಡೆಯುವುದು ಒಂದೆರಡು ಡಿಗ್ರಿಯೊಳಗೆ. ನಿಮ್ಮ ಭಾಗದಲ್ಲಿ ಇಂದು ಮುಳ್ಳು ನಿಜ ಉತ್ತರದಿಂದ ಒಂದರಿಂದ ಎರಡು ಡಿಗ್ರಿಯಷ್ಟು ಪಶ್ಚಿಮಕ್ಕೆ ವಾಲಿರುತ್ತದೆ. ಬದಲಾವಣೆ ವರ್ಷಕ್ಕೆ ಕೆಲವೇ ಮಿನಿಟ್, ಒಂದು ಡಿಗ್ರಿಗೆ 60 ಮಿನಿಟ್ ಎಂಬುದು ನೆನಪಿರಲಿ. ತಾತನ ಸರ್ವೆಯರ್ ಬಳಸಿದ ಪ್ರಿಸ್ಮ್ಯಾಟಿಕ್ ದಿಕ್ಸೂಚಿಯ ಬಿಲ್ಲೆಯ ಮೇಲೆ ಓದಲು ಸಿಗುವ ಅತಿ ಚಿಕ್ಕ ಅಳತೆಯೇ ಅರ್ಧ ಡಿಗ್ರಿ.

ಈಗ ನಿಮ್ಮ ಅಂಕಿಗಳಿಗೆ ಬರೋಣ. ಮೊದಲ ಗೆರೆ: ಹಳೆಯದರಲ್ಲಿ ಹೊಸದನ್ನು ಕಳೆಯಿರಿ, 1° 25′. ಎರಡನೆಯದು 1° 40′. ಮೂರನೆಯದೂ 1° 40′. ಮೂರೂ ಒಂದೇ ದಿಕ್ಕಿಗೆ, ಹೆಚ್ಚುಕಡಿಮೆ ಒಂದೇ ಅಳತೆಗೆ. ಇದರಲ್ಲಿ ಹೆದರುವಂಥದ್ದು ಏನೂ ಇಲ್ಲ. ಹಳೆಯದು ಮುಳ್ಳಿನ ಉತ್ತರದಿಂದ ಎಣಿಸಿದ್ದು, ಹೊಸದು ಜಿಪಿಎಸ್‌ನ ಗ್ರಿಡ್ ಉತ್ತರದಿಂದ, ಅಂದರೆ ನಕ್ಷೆಯ ಚೌಕಳಿಯ ನಿಂತ ಗೆರೆಗಳ ದಿಕ್ಕಿನಿಂದ, ಎಣಿಸಿದ್ದು. ಎರಡು ಉತ್ತರಗಳ ನಡುವಿನ ಅಂತರವೇ ಆ ಒಂದೂವರೆ ಡಿಗ್ರಿ. ಅದರಲ್ಲಿ ಸುಮಾರು ಹತ್ತು ಮಿನಿಟ್ ಗ್ರಿಡ್ಡಿನದೇ ಪಾಲು: ನಕ್ಷೆಯ ಗ್ರಿಡ್ ಗೆರೆಗಳು 75ನೇ ರೇಖಾಂಶದಲ್ಲಿ ಮಾತ್ರ ನಿಜ ಉತ್ತರಕ್ಕೆ ನೇರ ಇರುತ್ತವೆ, ಚಿಕ್ಕಮಗಳೂರು ಅದಕ್ಕೆ ಮುಕ್ಕಾಲು ಡಿಗ್ರಿ ಪೂರ್ವಕ್ಕಿದೆ. ಉಳಿದದ್ದು ಡಿಕ್ಲಿನೇಷನ್. ರೋವರ್ ಹಿಡಿದ ಹುಡುಗ ಇದನ್ನು ನಿಮಗೆ ಹೇಳಬೇಕಿತ್ತು. ಈಗಿನ ಉಪಕರಣಗಳು ಉತ್ತರ ಯಾವುದು ಎಂದು ಯಾರನ್ನೂ ಕೇಳುವುದಿಲ್ಲ, ಹಾಗಾಗಿ ಹಿಡಿದವರೂ ಕೇಳುವುದನ್ನು ಬಿಟ್ಟಿದ್ದಾರೆ.

ಇನ್ನೊಂದು ಮಾತು ಗಮನಿಸಿ. ಇಡೀ ಪ್ರದೇಶದ ಕಾಂತಕ್ಷೇತ್ರ ಬದಲಾದರೆ ನಾಲ್ಕೂ ಗೆರೆಗಳು ಒಟ್ಟಿಗೆ, ಒಂದೇ ಕೋನದಷ್ಟು ತಿರುಗಬೇಕು. ಮಣೆಯನ್ನು ನೆಲದ ಮೇಲೆ ಸ್ವಲ್ಪ ತಿರುಗಿಸಿದ ಹಾಗೆ. ಮಣೆಯ ಆಕಾರ ಕೆಡುವುದಿಲ್ಲ, ವಿಸ್ತೀರ್ಣವೂ ಒಂದು ಗುಂಟೆ ಹೆಚ್ಚುಕಡಿಮೆಯಾಗುವುದಿಲ್ಲ. ಧ್ರುವ ಸೈಬೀರಿಯಾಕ್ಕಲ್ಲ, ಚಂದ್ರಲೋಕಕ್ಕೇ ಹೋದರೂ ನಿಮ್ಮ ನಾಲ್ಕನೇ ಗೆರೆಯನ್ನು ಮಾತ್ರ ಹಿಡಿದು ಬಗ್ಗಿಸಲಾರದು. ಪಕ್ಕದವರ ವಾದ ಬೀಳುವುದು ಇಲ್ಲಿ.

ತಮ್ಮನ ವಾದವೂ ಇಲ್ಲೇ ಬೀಳುತ್ತದೆ. ನಾಲ್ಕು ಗೆರೆ ಬರೆದ ಮೇಲೆ ಕೊನೆಯದು ಹೊರಟ ಜಾಗಕ್ಕೆ ಬಂದು ಸೇರದಿದ್ದರೆ ಆ ಬಾಯಿಬಿಟ್ಟ ಜಾಗ ಜಮೀನಲ್ಲ, ಅಳತೆಯ ತಪ್ಪು. ಅರ್ಧ ಎಕರೆ ಕಾಫಿ ಗಿಡ ಅಲ್ಲಿ ಕಾಗದದ ಮೇಲೆ ಮಾತ್ರ ಬೆಳೆಯುತ್ತದೆ. ಆ ತಪ್ಪು ಎಲ್ಲಿ ಆಯಿತು ಎಂಬುದನ್ನು ಆ ಸರ್ವೆಯರ್ ಮಹಾಶಯರೇ ಕಂಡುಹಿಡಿದು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಾರೆ.

ದಿಕ್ಸೂಚಿ ಸರ್ವೆಯಲ್ಲಿ ಒಂದು ಮೂಲೆಯಿಂದ ಮುಂದಿನ ಮೂಲೆಗೆ ನೋಡಿದ್ದು ಮುಂದಿನ ಬೇರಿಂಗ್. ಅಲ್ಲಿಗೆ ಹೋಗಿ ಹಿಂತಿರುಗಿ ನೋಡಿದ್ದು ಹಿಂದಿನ ಬೇರಿಂಗ್. ಎರಡಕ್ಕೂ ಸರಿಯಾಗಿ 180 ಡಿಗ್ರಿ ವ್ಯತ್ಯಾಸ ಇರಬೇಕು. ನಿಮ್ಮ ಮೂರನೇ ಗೆರೆಯ ಮುಂದಿನ ಬೇರಿಂಗ್ 224° 30′, ಆದ್ದರಿಂದ ನಾಲ್ಕನೇ ಮೂಲೆಯಲ್ಲಿ ನಿಂತು ಹಿಂತಿರುಗಿ ನೋಡಿದರೆ 44° 30′ ಬರಬೇಕಿತ್ತು. ಬಂದದ್ದು 37° 30′. ಏಳು ಡಿಗ್ರಿ ಕಡಿಮೆ. ಅವರು ಅಡಿಗೆರೆ ಎಳೆದದ್ದು ಅದಕ್ಕೆ. ನಾಲ್ಕನೇ ಮೂಲೆಯಲ್ಲಿ ಮುಳ್ಳು ತನ್ನ ದಾರಿ ಬಿಟ್ಟು ಏಳು ಡಿಗ್ರಿ ಪಕ್ಕಕ್ಕೆ ಎಳೆಯಲ್ಪಟ್ಟಿದೆ. ಸರ್ವೆಯವರು ಇದನ್ನು ಲೋಕಲ್ ಅಟ್ರಾಕ್ಷನ್ ಎನ್ನುತ್ತಾರೆ.

ಅದೇ ಮೂಲೆಯಿಂದ ಹೊರಡುವ ನಾಲ್ಕನೇ ಗೆರೆಯ ಓದಿಗೂ ಅದೇ ಏಳು ಡಿಗ್ರಿ ಕೂಡಿಸಿ: 309° 00′ ಹೋಗಿ 316° 00′ ಆಯಿತು. ಹೊಸ ಅಳತೆ 314° 30′. ವ್ಯತ್ಯಾಸ 1° 30′. ಉಳಿದ ಮೂರು ಗೆರೆಗಳ ಸಾಲಿಗೆ ನಾಲ್ಕನೆಯದೂ ಬಂದು ನಿಂತಿತಲ್ಲ!

ಇನ್ನೂ ಗಟ್ಟಿ ಪುರಾವೆ ಬೇಕೆ? ಮುಳ್ಳು ಎಷ್ಟೇ ಕೆಟ್ಟರೂ, ಒಂದೇ ಜಾಗದಲ್ಲಿ ನಿಂತು ನೋಡಿದ ಎರಡು ಗೆರೆಗಳ ನಡುವಿನ ಕೋನ ಕೆಡುವುದಿಲ್ಲ, ಏಕೆಂದರೆ ತಪ್ಪು ಎರಡಕ್ಕೂ ಸಮನಾಗಿ ಸೇರಿ, ಕಳೆದಾಗ ಹೊರಟುಹೋಗುತ್ತದೆ. ತಾತನ ಪುಸ್ತಕದಲ್ಲಿ ನಾಲ್ಕನೇ ಮೂಲೆಯ ಕೋನ 309° 00′ಯಲ್ಲಿ 37° 30′ ಕಳೆದರೆ 271° 30′. ನಿಮ್ಮ ರೋವರ್ ಪ್ರಕಾರ 314° 30′ಯಲ್ಲಿ 42° 50′ ಕಳೆದರೆ 271° 40′. ಹತ್ತೇ ಮಿನಿಟ್ ವ್ಯತ್ಯಾಸ. ತೊಂಬತ್ತು ವರ್ಷ ಹಳೆಯ ದಿಕ್ಸೂಚಿ, ಗುಡ್ಡದ ನೆತ್ತಿಯ ಗಾಳಿ, ಅರ್ಧ ಡಿಗ್ರಿಯ ಬಿಲ್ಲೆ. ಇದಕ್ಕಿಂತ ಹತ್ತಿರದ ಹೊಂದಿಕೆ ನಾನು ಕೇಳಲಾರೆ. ಗಡಿ ಎಲ್ಲಿತ್ತೋ ಅಲ್ಲೇ ಇದೆ.

ಮುಳ್ಳನ್ನು ಎಳೆದದ್ದು ಯಾವುದು? ನೀವು ‘ಬಂಡೆ’ ಎಂದಷ್ಟೇ ಬರೆದಿದ್ದೀರಿ, ಬಣ್ಣ ಹೇಳಿಲ್ಲ. ನನ್ನ ಊಹೆ: ಕಪ್ಪು, ಕೆಂಪು, ಬೂದು ಪಟ್ಟೆಗಳಿರುವ, ಕೈಗೆತ್ತಿದರೆ ಗಾತ್ರಕ್ಕಿಂತ ಹೆಚ್ಚು ಭಾರ ಎನಿಸುವ ಕಲ್ಲು. ಬಾಬಾಬುಡನ್ ಗಿರಿಸಾಲಿನ ನೆತ್ತಿಯಲ್ಲಿ ಇರುವುದು ಅದೇ, ಕಬ್ಬಿಣದ ಅದಿರಿನ ಪಟ್ಟೆ ಶಿಲೆ. ಭದ್ರಾವತಿ ಕಾರ್ಖಾನೆಗೆ ಅದಿರು ಹೋಗುತ್ತಿದ್ದ ಕೆಮ್ಮಣ್ಣುಗುಂಡಿಯೂ ಅದೇ ಸಾಲಿನದು. ಅದರಲ್ಲಿ ಮ್ಯಾಗ್ನಟೈಟ್ ಖನಿಜ ಇದ್ದರೆ ಕಲ್ಲೇ ಒಂದು ಅಯಸ್ಕಾಂತ. ಸಿಡಿಲು ಹೊಡೆದ ಬಂಡೆಯಾದರೆ ಇನ್ನೂ ಕಷ್ಟ. ಸಿಡಿಲಿನ ವಿದ್ಯುತ್ತು ಹರಿದ ಜಾಡಿನಲ್ಲಿ ಕಲ್ಲು ಬಲವಾಗಿ ಕಾಂತತ್ವ ಪಡೆದುಕೊಳ್ಳುತ್ತದೆ. ಅಂಥ ಬಂಡೆಯ ಮೇಲೆ ದಿಕ್ಸೂಚಿ ಹಿಡಿದು ನಾಲ್ಕು ಹೆಜ್ಜೆ ನಡೆದಾಗ ಮುಳ್ಳು ಅರ್ಧ ಸುತ್ತು ಹೊಡೆದದ್ದನ್ನು ನಾನೇ ನೋಡಿದ್ದೇನೆ. ಆ ದಿನ ನಮ್ಮ ಜೊತೆಗಿದ್ದ ಕೂಲಿಯವರು ಮಧ್ಯಾಹ್ನದ ಬುತ್ತಿಯನ್ನು ಆ ಬಂಡೆಯಿಂದ ದೂರ ಹೋಗಿ ತಿಂದರು.

ಒಂದು ಪ್ರದೇಶದ ಕಾಂತಕ್ಷೇತ್ರದ ನಕ್ಷೆ ಹೇಗೆ ಆಗುತ್ತದೆ, ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದನ್ನೂ ಹೇಳುತ್ತೇನೆ, ಏಕೆಂದರೆ ಮುಂದೆ ಯಾರಾದರೂ ‘ಇಂಟರ್ನೆಟ್ಟಿನಲ್ಲಿ ನಿಮ್ಮ ಊರಿನ ಡಿಕ್ಲಿನೇಷನ್ ಇಷ್ಟು’ ಎಂದು ಒಂದು ಅಂಕಿ ತಂದು ಮುಖಕ್ಕೆ ಹಿಡಿಯುತ್ತಾರೆ.

ನಾವು ಅಳೆಯುವ ಕ್ಷೇತ್ರ ಒಂದೇ ಮೂಲದ್ದಲ್ಲ. ಬಹುಪಾಲು ಬರುವುದು ಕಾಲ ಕೆಳಗೆ 2,900 ಕಿಲೋಮೀಟರ್ ಆಳದಲ್ಲಿ ಕುದಿಯುತ್ತ ಹರಿಯುವ ಕರಗಿದ ಕಬ್ಬಿಣದಿಂದ. ಆ ಹರಿವು ನಿಧಾನ, ವರ್ಷಕ್ಕೆ ಹತ್ತಾರು ಕಿಲೋಮೀಟರ್. ವರ್ಷಗಳ ಲೆಕ್ಕದಲ್ಲಿ ಕ್ಷೇತ್ರ ಬದಲಾಗುವುದು ಇದರಿಂದ. ಅದರ ಮೇಲೆ ನೆಲದ ಮೇಲ್ಪದರದ ಕಲ್ಲುಗಳ ಪಾಲು. ಇದು ಮಾರುದೂರಕ್ಕೊಂದು ಥರ, ಆದರೆ ಮನುಷ್ಯನ ಆಯುಷ್ಯದಲ್ಲಿ ಬದಲಾಗದು. ಉತ್ತರ ಕರ್ನಾಟಕದ ಕಪ್ಪು ಕಲ್ಲನ್ನೇ ನೋಡಿ. 6.6 ಕೋಟಿ ವರ್ಷದ ಹಿಂದೆ ಲಾವಾ ಆರುವಾಗ ಭೂಮಿಯ ಕ್ಷೇತ್ರ ಈಗಿನದಕ್ಕೆ ತಲೆಕೆಳಗಾಗಿತ್ತು, ಆ ಕಲ್ಲಿನ ಬಹುಭಾಗ ಇವತ್ತಿಗೂ ಉಲ್ಟಾ ಕಾಂತತ್ವವನ್ನೇ ಹಿಡಿದು ಕೂತಿದೆ. ಮೂರನೆಯದು ಮೇಲಿನಿಂದ ಬರುವುದು, ಆಕಾಶದ ಅಯಾನುಗೋಳದಲ್ಲಿ (ಮೇಲಿನ ವಾತಾವರಣದ ವಿದ್ಯುತ್ ಹರಿಯಬಲ್ಲ ಪದರ) ಹಗಲು ಹೊತ್ತು ಹರಿಯುವ ವಿದ್ಯುತ್ ಪ್ರವಾಹ ಮತ್ತು ಸೂರ್ಯನ ಉಪಟಳ. 2024ರ ಮೇ ತಿಂಗಳ ಸೌರ ಚಂಡಮಾರುತದಲ್ಲಿ ಲಡಾಖಿನ ಹಾನ್ಲೆಯ ಆಕಾಶ ಕೆಂಪಾದದ್ದನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಕ್ಯಾಮೆರಾಗಳು ಹಿಡಿದಿದ್ದವಲ್ಲ, ಅದು. ನಿಮ್ಮ ದಿಕ್ಸೂಚಿಗೆ ಇದರಿಂದ ಏನಾಗುತ್ತದೆ? ಪೂರ್ವ-ಪಶ್ಚಿಮವಾಗಿ 100 ನ್ಯಾನೊಟೆಸ್ಲಾ ಹೆಚ್ಚುವರಿ ಎಳೆತ ಬಂತೆನ್ನಿ, ನಮ್ಮ 40,000ದ ಎದುರು ಮುಳ್ಳು ಒಂಬತ್ತು ಮಿನಿಟ್‌ನಷ್ಟು ಅಲುಗಬಹುದು. ಕಣ್ಣಿಗೆ ಕಾಣದು.

ಇವನ್ನು ಬೇರೆ ಬೇರೆ ಮಾಡಲು ಒಂದೇ ಜಾಗದಲ್ಲಿ ಕೂತು ದಶಕಗಟ್ಟಲೆ ಅಳೆಯುವ ವೀಕ್ಷಣಾಲಯಗಳು ಬೇಕು. ಮುಂಬೈಯ ಕೊಲಾಬಾದಲ್ಲಿ ಈ ಕೆಲಸ 1840ರ ದಶಕದಲ್ಲಿ ಶುರುವಾಯಿತು. 1859ರ ಸೆಪ್ಟೆಂಬರ್ 2ರ ಮಹಾ ಸೌರ ಚಂಡಮಾರುತದಲ್ಲಿ ಅಡ್ಡ ಕ್ಷೇತ್ರ ಸುಮಾರು 1,600 ನ್ಯಾನೊಟೆಸ್ಲಾ ಕುಸಿದದ್ದು ಅಲ್ಲಿಯ ದಾಖಲೆಯಲ್ಲಿದೆ, ಇಂದಿಗೂ ಜಗತ್ತು ಅದನ್ನು ಉಲ್ಲೇಖಿಸುತ್ತದೆ. ಮುಂಬೈಗೆ ವಿದ್ಯುತ್ ಟ್ರಾಮ್ ಬರುತ್ತದೆ ಎಂದಾಗ ಅದರ ಗದ್ದಲದಿಂದ ಉಳಿಯಲು ನಿರ್ದೇಶಕರಾಗಿದ್ದ ಮೂಸ್ ಅವರು ವೀಕ್ಷಣಾಲಯವನ್ನು ಸಮುದ್ರದಾಚೆಯ ಅಲಿಬಾಗಿಗೆ ಸಾಗಿಸಿದರು. ಸುತ್ತಲಿನ ನೆಲವೆಲ್ಲ ಮುಳ್ಳನ್ನು ಕೆಡಿಸುವ ಬಸಾಲ್ಟ್, ಆದ್ದರಿಂದ ಕಟ್ಟಡಕ್ಕೆ ಕಲ್ಲು ತರಿಸಿದ್ದು ಪೋರ್‌ಬಂದರಿನಿಂದ. ಹಳೆಯದು, ಹೊಸದು ಎರಡನ್ನೂ 1904ರಿಂದ 1906ರವರೆಗೆ ಒಟ್ಟಿಗೆ ನಡೆಸಿ, ಅಂಕಿ ತಾಳೆ ನೋಡಿ, ಆಮೇಲೆ ಕೊಲಾಬಾದಲ್ಲಿ ಕಾಂತಕ್ಷೇತ್ರದ ಅಳತೆ ನಿಲ್ಲಿಸಿದರು. ನನ್ನ ಕಸುಬಿನಲ್ಲಿ ನಾನು ಕೈಮುಗಿಯುವ ಕೆಲಸಗಳಲ್ಲಿ ಇದೊಂದು.

ವೀಕ್ಷಣಾಲಯ ಎಲ್ಲ ಊರಲ್ಲೂ ಇಡಲಾಗದು. ನಡುವಿನ ಜಾಗಕ್ಕೆ ರಿಪೀಟ್ ಸ್ಟೇಷನ್‌ಗಳು. ಊರಾಚೆಯ ಬಯಲಲ್ಲಿ ಒಂದು ಕಲ್ಲು ನೆಟ್ಟು, ಕೆಲವು ವರ್ಷಕ್ಕೊಮ್ಮೆ ಅದೇ ಕಲ್ಲಿನ ನೆತ್ತಿಯ ಮೇಲೆ ಉಪಕರಣ ಇಟ್ಟು ಅಳೆಯುವುದು. ಉಪಕರಣವೆಂದರೆ ಕೋನ ಅಳೆಯುವ, ಉಕ್ಕಿನ ಒಂದು ಚೂರೂ ಇಲ್ಲದ ಥಿಯೋಡಲೈಟ್, ಅದರ ದೂರದರ್ಶಕದ ಬೆನ್ನಿಗೆ ಕಟ್ಟಿದ, ಕ್ಷೇತ್ರದ ದಿಕ್ಕು ಹಿಡಿಯುವ ಫ್ಲಕ್ಸ್‌ಗೇಟ್ ಸೆನ್ಸರ್, ಪಕ್ಕದಲ್ಲಿ ಒಟ್ಟು ಬಲ ಅಳೆಯುವ ಪ್ರೋಟಾನ್ ಮ್ಯಾಗ್ನೆಟೋಮೀಟರ್. ಬೆಳಗಿನ ಜಾವ ಎದ್ದು ಬೆಲ್ಟು, ಬೀಗದ ಕೈ, ಮೊಬೈಲು, ಉಕ್ಕಿನ ಚೌಕಟ್ಟಿನ ಕನ್ನಡಕ ಎಲ್ಲ ಜೀಪಿನಲ್ಲಿಟ್ಟು, ಜೀಪನ್ನೂ ದೂರ ನಿಲ್ಲಿಸಿ ಬರಬೇಕು. ಬಯಲುಸೀಮೆಯ ಒಂದು ಶಾಲೆಯ ಮೈದಾನಕ್ಕೆ ನಾನು ಎರಡನೇ ಸಲ ಹೋದಾಗ ಅಂಕಿಗಳು ಹಿಂದಿನದಕ್ಕೆ ಏನೇನೂ ಹೊಂದಲಿಲ್ಲ. ಎರಡು ದಿನ ಉಪಕರಣ ಬಿಚ್ಚಿ ಜೋಡಿಸಿದೆವು. ಮೂರನೇ ದಿನ ಶಾಲೆಯ ಅಡುಗೆಯಮ್ಮ, ‘ಅಲ್ಲಿ ಬೋರ್ ಕೊರೆಸಿದ್ರಲ್ಲ ಸಾರ್, ನೀರು ಬರಲಿಲ್ಲ, ಬಾಯಿ ಮುಚ್ಚಿ ಮಣ್ಣು ಹಾಕಿದ್ರು’ ಎಂದರು. ಕಲ್ಲಿನಿಂದ ನಾಲ್ಕು ಮೀಟರ್ ದೂರದಲ್ಲಿ ನೆಲದೊಳಗೆ ಉಕ್ಕಿನ ಕೇಸಿಂಗ್ ಪೈಪು! ಆ ಸ್ಟೇಷನ್ನಿನ ಹಿಂದಿನ ದಾಖಲೆಗೂ ಮುಂದಿನದಕ್ಕೂ ಅಂದಿಗೆ ಸಂಬಂಧ ಕಡಿಯಿತು.

ವೀಕ್ಷಣಾಲಯಗಳ ಅಂಕಿ, ರಿಪೀಟ್ ಸ್ಟೇಷನ್ನುಗಳದು, 2013ರ ನವೆಂಬರಿನಲ್ಲಿ ಯೂರೋಪಿನವರು ಹಾರಿಸಿದ ಸ್ವಾರ್ಮ್ ಉಪಗ್ರಹಗಳದು, ಎಲ್ಲ ಸೇರಿಸಿ ಮಾದರಿ ಕಟ್ಟುತ್ತಾರೆ. ಅದರ ಗಣಿತದ ಬುನಾದಿ 1830ರ ದಶಕದಲ್ಲಿ ಜರ್ಮನಿಯ ಗಣಿತಜ್ಞ ಗಾಸ್ ಹಾಕಿದ್ದು. ವಿಶ್ವ ಕಾಂತ ಮಾದರಿಯಲ್ಲಿ ಇಡೀ ಭೂಮಿಯ ಕ್ಷೇತ್ರವನ್ನು 168 ಸಂಖ್ಯೆಗಳಲ್ಲಿ ಹಿಡಿದಿಡುತ್ತಾರೆ, ಜೊತೆಗೆ ಅವು ವರ್ಷಕ್ಕೆ ಎಷ್ಟೆಷ್ಟು ಬದಲಾಗುತ್ತವೆ ಎಂಬ ಅಂದಾಜು. ಈಗ ಚಾಲ್ತಿಯಲ್ಲಿರುವುದು 2024ರ ಡಿಸೆಂಬರಿನಲ್ಲಿ ಬಂದದ್ದು, 2029ರ ಕೊನೆಯವರೆಗೆ. 168 ಸಂಖ್ಯೆಗಳ ಮಾದರಿ ಎಂದರೆ ದೊಡ್ಡ ಕಣ್ಣಿನ ಜರಡಿ. 3,000 ಕಿಲೋಮೀಟರಿಗಿಂತ ಚಿಕ್ಕ ಏರಿಳಿತಗಳೆಲ್ಲ ಅದರಲ್ಲಿ ಸೋರಿಹೋಗುತ್ತವೆ. ಇನ್ನೂ ಸಣ್ಣ ಕಣ್ಣಿನ ಮಾದರಿಗಳಿವೆ, ಐವತ್ತು ಕಿಲೋಮೀಟರ್ ವರೆಗೂ ಇಳಿಯುತ್ತವೆ. ಆದರೂ ನಿಮ್ಮ ನಾಲ್ಕನೇ ಮೂಲೆಯ ಬಂಡೆ ಅದರಲ್ಲೂ ನಿಲ್ಲದು. ಒಂದು ದೇಶ ಅಥವಾ ರಾಜ್ಯಕ್ಕೆ ಸೀಮಿತವಾದ ಪ್ರಾದೇಶಿಕ ಮಾದರಿ ಕಟ್ಟುವವರಿಗೆ ದೊಡ್ಡ ತಲೆನೋವು ಇದೇ. ಸ್ಟೇಷನ್ನುಗಳು ದೂರ ದೂರ, ಗಡಿಯಂಚಿನಲ್ಲಿ ಆಧಾರ ಕಡಿಮೆ. ಅಂಕಿಗಳಿಗೆ ತೀರಾ ಬಿಗಿಯಾಗಿ ಹೊಂದುವ ಮಾದರಿ ಬರೆದರೆ ಒಂದು ಬೋರ್‌ವೆಲ್ ಪೈಪು ಇಡೀ ಜಿಲ್ಲೆಯ ನಕ್ಷೆಯನ್ನು ಸೊಟ್ಟ ಮಾಡುತ್ತದೆ. ಸಡಿಲ ಬಿಟ್ಟರೆ ನಿಜವಾದ ಬದಲಾವಣೆಯೂ ಅಳಿಸಿಹೋಗುತ್ತದೆ. ನಾನು ಸದಾ ಸಡಿಲದ ಪಕ್ಷ, ಅದಕ್ಕಾಗಿ ಬೈಸಿಕೊಂಡದ್ದೂ ಉಂಟು.

ಆದ್ದರಿಂದ ಯಾರಾದರೂ ಮಾದರಿಯ ಅಂಕಿ ತಂದು ತೋರಿಸಿದರೆ ಅದು ಯಾವ ಇಸವಿಯದು ಎಂದು ಮೊದಲು ಕೇಳಿ. ಸರ್ವೆ ಆಫ್ ಇಂಡಿಯಾದ ಟೋಪೋಶೀಟ್ ತೆಗೆದರೆ (ನಿಮ್ಮದು 48 ಓ ಸಾಲಿನದು) ಅಂಚಿನಲ್ಲಿ ಮುಳ್ಳಿನ ಉತ್ತರ ಇಂಥ ವರ್ಷದಲ್ಲಿ ಇಷ್ಟಿತ್ತು ಎಂದು ವರ್ಷ ಸಮೇತ ಅಚ್ಚಾಗಿರುತ್ತದೆ. 1900ರಿಂದ ಈಚೆಗೆ ಬೇಕಾದ ವರ್ಷಕ್ಕೆ ಲೆಕ್ಕ ಕೊಡುವ ಐಜಿಆರ್‌ಎಫ್ ಎಂಬ ಅಂತರರಾಷ್ಟ್ರೀಯ ಮಾದರಿಯೂ ಉಚಿತವಾಗಿ ಸಿಗುತ್ತದೆ, ಅದರಲ್ಲಿ 1936 ಹಾಕಿ ನೋಡಬಹುದು. ಬರುವ ಅಂಕಿಯನ್ನು ಅರ್ಧ ಡಿಗ್ರಿ ಆಚೀಚೆ ಎಂದೇ ಇಟ್ಟುಕೊಳ್ಳಿ. ಕೆಳಗಿನ ಕಲ್ಲಿನ ವಿಷಯ ಅದಕ್ಕೆ ತಿಳಿಯದು.

ಈಗ ನಿಮ್ಮ ಮುಂದಿರುವ ದಾರಿ. ದಿಕ್ಸೂಚಿಯ ನೆಪದಲ್ಲಿ ಕೋರ್ಟಿಗೆ ಹೋದರೆ ಎದುರಿನ ವಕೀಲರು ತಾತನ ಪುಸ್ತಕದ ಆ ಪೆನ್ಸಿಲ್ ಬರಹವನ್ನೇ ಎತ್ತಿ ತೋರಿಸುತ್ತಾರೆ, ಆಗ ನಿಮ್ಮ ದಾಖಲೆ ನಿಮಗೇ ತಿರುಗಿ ನಿಲ್ಲುತ್ತದೆ. ಅದಕ್ಕಿಂತ ತಾಲ್ಲೂಕು ಸರ್ವೆ ಕಚೇರಿಯಲ್ಲಿ ಹದ್ದುಬಸ್ತಿಗೆ (ಸರ್ಕಾರಿ ಸರ್ವೆಯರಿಂದ ಗಡಿ ಗುರುತಿಸಿಕೊಳ್ಳಲು) ಅರ್ಜಿ ಕೊಡುವುದು ಮೇಲು. ಸರ್ಕಾರಿ ಟಿಪ್ಪಣಿ ಪುಸ್ತಕಗಳಲ್ಲಿ ಬಹುಪಾಲು ಕಡೆ ಅಳತೆ ಇರುವುದು ಚೈನು, ಆಣೆಗಳಲ್ಲಿ (ಆಣೆ ಎಂದರೆ ಚೈನಿನ ಹದಿನಾರನೇ ಒಂದು ಭಾಗ), ಲಂಬಕೋನ ಗುರುತಿಸುವ ಕ್ರಾಸ್‌ಸ್ಟಾಫ್ ಕೋಲು ಹಿಡಿದು ತೆಗೆದ ಲಂಬಗಳಲ್ಲಿ. 33 ಅಡಿಯ ಚೈನು, ಒಂದು ಚೈನು ಚೌಕ ಅಂದರೆ ಒಂದು ಗುಂಟೆ. ಅದರಲ್ಲಿ ಮುಳ್ಳಿನ ಪ್ರಶ್ನೆಯೇ ಇಲ್ಲ, ಧ್ರುವ ಎಲ್ಲಿಗೆ ಹೋದರೂ ಅದಕ್ಕೆ ಸಂಬಂಧವಿಲ್ಲ. ಅಪಾಯ ಬೇರೆ ಕಡೆ ಇದೆ. ಬಾಂದು ಕಲ್ಲುಗಳನ್ನು ಯಾರೋ ಕಿತ್ತು ಬೇರೆ ಕಡೆ ನೆಟ್ಟಿದ್ದರೆ, ಅಥವಾ ಟಿಪ್ಪಣಿಯ ಹಾಳೆ ಹರಿದಿದ್ದರೆ, ಹೊಸ ಅಳತೆ ತಪ್ಪು ಕಲ್ಲಿನಿಂದಲೇ ಶುರುವಾಗಬಹುದು. ಆಗ ತಾತನ ಪುಸ್ತಕ ಕೆಲಸಕ್ಕೆ ಬರುತ್ತದೆ, ಬೇರಿಂಗುಗಳಲ್ಲ, ಮೂಲೆಗಳ ಕೋನ ಮತ್ತು ಉದ್ದಗಳು. ಅದು ಖಾಸಗಿ ದಾಖಲೆ, ಯಾವುದಾದರೂ ಪತ್ರಕ್ಕೆ ಲಗತ್ತಾಗಿ ರಿಜಿಸ್ಟರ್ ಆಗಿರದಿದ್ದರೆ ಅದರ ತೂಕ ಎಷ್ಟು ಎಂಬುದು ವಕೀಲರು ಹೇಳಬೇಕಾದ ಮಾತು, ನನ್ನದಲ್ಲ. ಏನೇ ಆಗಲಿ ಪ್ರತಿ ಪುಟದ ಫೋಟೊ ತೆಗೆದಿಡಿ, ಗೆದ್ದಲು ನಕ್ಷೆಯನ್ನು ಮಾತ್ರ ತಿಂದು ಸುಮ್ಮನಾಗುವ ಜಾತಿಯಲ್ಲ. ನಮ್ಮ ಕಸುಬಿಗೂ ಇಂಥ ಪುಸ್ತಕ ಬೇಕು. ಹಳೆಯ ಹಡಗುಗಳ ಲಾಗ್‌ಬುಕ್‌ಗಳಲ್ಲಿದ್ದ ದಿಕ್ಸೂಚಿ ಓದುಗಳನ್ನು ಕೂಡಿಸಿ 1590ರಿಂದ 1990ರವರೆಗಿನ ಭೂಕಾಂತಕ್ಷೇತ್ರದ ಮಾದರಿಯನ್ನೇ ಕಟ್ಟಿದ್ದಾರೆ. ನಿಮ್ಮ ಉಳಿದ ಮೂರು ಮೂಲೆಗಳ ಓದು, ಹೊಸ ಜಿಪಿಎಸ್ ಅಳತೆಯ ಜೊತೆ ಸೇರಿ, 1936ರಲ್ಲಿ ಆ ತಪ್ಪಲಲ್ಲಿ ಡಿಕ್ಲಿನೇಷನ್ ಎಷ್ಟಿತ್ತು ಎಂಬುದಕ್ಕೆ ಸಾಕ್ಷಿ.

ಮನೆಯ ಬಾಗಿಲಿನ ವಿಷಯ ಚುಟುಕಾಗಿ. ವಾಸ್ತು ನಂಬುವುದು ಬಿಡುವುದು ನಿಮ್ಮಿಷ್ಟ, ಅದರ ಬಗ್ಗೆ ನಾನು ಮಾತಾಡುವುದಿಲ್ಲ. ಆದರೆ ಮನೆ ಕಟ್ಟಿದಾಗಿನಿಂದ ಇಂದಿಗೆ ಕಾಂತಕ್ಷೇತ್ರ ಬದಲಾಗಿ ಎಂಟು ಡಿಗ್ರಿ ತಪ್ಪಿತು ಎಂಬುದು ಆಗದ ಮಾತು. ಮೊಬೈಲಿನೊಳಗಿನ ಸೆನ್ಸರ್ ಅಕ್ಕಿಕಾಳಿನಷ್ಟು, ಹೊಸ್ತಿಲ ಕೆಳಗಿನ ಕಂಬಿ, ಬಾಗಿಲ ಪಕ್ಕದ ಗ್ರಿಲ್ಲು, ಮೊಬೈಲಿನ ಕವರಿನಲ್ಲಿರುವ ಅಯಸ್ಕಾಂತದ ಗುಂಡಿ, ಎಲ್ಲವೂ ಅದನ್ನು ಎಳೆಯುತ್ತವೆ. ಕವರ್ ತೆಗೆದು, ಗಾಳಿಯಲ್ಲಿ ಎಂಟರ ಆಕಾರ ಬರೆದು ಸರಿಪಡಿಸಿಕೊಂಡು, ಮನೆಯಿಂದ ಇಪ್ಪತ್ತು ಹೆಜ್ಜೆ ದೂರ ಬಾಗಿಲ ನೇರಕ್ಕೆ ನಿಂತು ನೋಡಿ, ಅಂಕಿ ಬದಲಾಗುತ್ತದೆ. ಸೆಟ್ಟಿಂಗಿನಲ್ಲಿ ನಿಜ ಉತ್ತರ, ಕಾಂತ ಉತ್ತರ ಎಂದು ಎರಡಿರುತ್ತವೆ, ಯಾವುದಿದೆ ನೋಡಿಕೊಳ್ಳಿ. ಅದೂ ಬೇಡವಾದರೆ ಮಾರ್ಚ್ 21ರ ಸೂರ್ಯೋದಯಕ್ಕೆ ಹೊಸ್ತಿಲ ಮೇಲೆ ನಿಲ್ಲಿ, ಎದುರಿಗೆ ಗುಡ್ಡ ಅಡ್ಡ ಇಲ್ಲದಿದ್ದರೆ ಪೂರ್ವ ಯಾವುದೆಂದು ಗೊತ್ತಾಗುತ್ತದೆ. ಧ್ರುವಗಳು ತಲೆಕೆಳಗಾದದ್ದು ಕೊನೆಯ ಬಾರಿ ಸುಮಾರು 7,80,000 ವರ್ಷದ ಹಿಂದೆ, ಅದಕ್ಕೆ ಹಿಡಿದದ್ದು ಸಾವಿರಾರು ವರ್ಷ. ಗಾಸ್ ಅಳೆದ ಕಾಲದಿಂದ ಇಂದಿಗೆ ಕ್ಷೇತ್ರದ ಮುಖ್ಯ ಬಲ ಶೇಕಡಾ ಒಂಬತ್ತರಷ್ಟು ಇಳಿದಿರುವುದು ನಿಜವೇ, ಆದರೆ ಅಂಥ ಇಳಿತ ತಲೆಕೆಳಗಾಗದೆಯೂ ಬಂದುಹೋಗಿದೆ.

ತಮ್ಮನಿಗೆ ನನ್ನ ಮಾತು ಒಪ್ಪಿಗೆಯಾಗದಿರಬಹುದು. ಅವರೇ ಮಾಡಿ ನೋಡಲಿ. ಒಂದು ಪ್ರಿಸ್ಮ್ಯಾಟಿಕ್ ದಿಕ್ಸೂಚಿ ಎರವಲು ತಂದು, ಕತ್ತಿ, ಮೊಬೈಲು ಎಲ್ಲ ಕೆಳಗಿಟ್ಟು, ಪಕ್ಕದ ತೋಟದವರನ್ನೂ ಜೊತೆಗೆ ಕರೆದುಕೊಂಡು ನಾಲ್ಕನೇ ಮೂಲೆಗೆ ಹೋಗಲಿ. ಮುಳ್ಳುತಂತಿ ಬೇಲಿ ಅಲ್ಲಿಯವರೆಗೆ ಬಂದಿದ್ದರೆ ಅದರಿಂದ ದೂರ ನಿಲ್ಲಬೇಕು, ಇಲ್ಲದಿದ್ದರೆ ತಂತಿಯನ್ನು ಅಳೆದಂತಾಗುತ್ತದೆ. ಬಂಡೆಯ ಮೇಲೆ ನಿಂತು ಮೂರನೇ ಮೂಲೆ, ಮೊದಲ ಮೂಲೆ ಎರಡನ್ನೂ ನೋಡಿ ಬರೆದುಕೊಳ್ಳಲಿ. ಆಮೇಲೆ ಮೊದಲ ಮೂಲೆಯ ನೇರದಲ್ಲೇ ಹತ್ತು ಮೀಟರ್, ಇಪ್ಪತ್ತು ಮೀಟರ್, ಐವತ್ತು ಮೀಟರ್ ಕೆಳಗಿಳಿದು, ಪ್ರತಿ ಸಲ ನಿಂತು ಅದೇ ಮೊದಲ ಮೂಲೆಯನ್ನು ನೋಡಲಿ. ನನ್ನ ಊಹೆ ಸರಿಯಿದ್ದರೆ ಬೇರಿಂಗ್ 309ರ ಹತ್ತಿರದಿಂದ ಹೊರಟು, ಅವರು ಗುಡ್ಡ ಇಳಿದಂತೆಲ್ಲ ಹೆಚ್ಚುತ್ತ 316ರ ಕಡೆಗೆ ಹೋಗುತ್ತದೆ. ಹೋಗದಿದ್ದರೆ ನನ್ನ ಊಹೆ ತಪ್ಪು, ಆಗ ಬೇರೆ ಕಾರಣ ಹುಡುಕೋಣ. ಓದಿದ ಅಂಕಿಗಳನ್ನೆಲ್ಲ ಕಳಿಸಿ, ದಿನಾಂಕ, ಹೊತ್ತು ಬರೆಯುವುದು ಮರೆಯಬೇಡಿ. ಬಂಡೆಯ ಬಣ್ಣ ಯಾವುದೆಂದೂ ಬರೆಯಿರಿ.